ರೇಷ್ಮೆಹುಳುವಿನಲ್ಲೊಂದು ನೆಗೆಯುವ ತುಣುಕು

ನಾನು ಡಿಎನ್‌ಎಯ ಒಂದು ತುಣುಕು. ಓದಿದವರು ನನ್ನನ್ನು ನೆಗೆಯುವ ಜೀನು ಎನ್ನುತ್ತಾರೆ. ಸಿಟ್ಟು ಬಂದವರು ಕಸ ಎನ್ನುತ್ತಾರೆ. ಎರಡು ಹೆಸರಿಗೂ ನನ್ನ ತಕರಾರಿಲ್ಲ, ತಕರಾರು ಮಾಡುವಷ್ಟು ಹೊತ್ತೂ ಈಗ ಉಳಿದಿಲ್ಲ. ನಾನು ಸಾಯುತ್ತಿದ್ದೇನೆ. ಅಷ್ಟರೊಳಗೆ ಹೇಳಿ ಮುಗಿಸಬೇಕು.

ನಾನು ಹುಟ್ಟಿದ್ದು ಕಾಡಿನ ಹಿಪ್ಪುನೇರಳೆ ಮರದ ಮೇಲಿದ್ದ ಒಂದು ಬೂದು ಚಿಟ್ಟೆಯ ಮೈಯಲ್ಲಿ. ಮನುಷ್ಯರಿಗೆ ಆಗಿನ್ನೂ ರೇಷ್ಮೆಯ ಹುಚ್ಚು ಹಿಡಿದಿರಲಿಲ್ಲ. ನನ್ನ ಕುಲದವರು ವೈರಸ್ಸುಗಳ ದೂರದ ನೆಂಟರು. ನಮಗಿದ್ದದ್ದು ಒಂದೇ ಕಸುಬು: ನಮ್ಮದೇ ನಕಲು ಮಾಡಿಕೊಂಡು ಅದೇ ಡಿಎನ್‌ಎಯಲ್ಲಿ ಬೇರೆ ಕಡೆ ಹೋಗಿ ಕೂರುವುದು. ಅಂಥ ಒಂದು ನೆಗೆತದಲ್ಲಿ ನಾನು ಬಂದು ಬಿದ್ದದ್ದು ಒಂದು ಜೀನಿನ ಪಕ್ಕದಲ್ಲಿ. ಅವಳು ಮೈ ಕಾಯುವ ಜೀನು. ವೈರಸ್ ಒಳಗೆ ಬಂದಾಗ ಎದ್ದು, ಅದನ್ನು ತಡೆಯುವ ಪ್ರೋಟೀನು ಮಾಡಿಸಬೇಕಾದವಳು. ಆದರೆ ಮಹಾ ಸೋಮಾರಿ. ರೋಗ ಮೈತುಂಬ ಹಬ್ಬಿದ ಮೇಲೆ ಆಕಳಿಸಿಕೊಂಡು ಏಳುತ್ತಿದ್ದಳು.

ಜೀವಕೋಶಕ್ಕೆ ನಾನು ಬೇಡದ ನೆಂಟ. ಮೊದಮೊದಲು ನನ್ನ ಬಾಯಿ ಕಟ್ಟಿ ಕೂರಿಸಿತು. ತಲೆಮಾರುಗಳು ಉರುಳಿದಂತೆ ನನ್ನ ನಡುಭಾಗ ಉದುರಿಹೋಗಿ ನೆಗೆಯುವ ಶಕ್ತಿಯೇ ನಿಂತಿತು. ಉಳಿದದ್ದು ನನ್ನ ಒಂದು ತುದಿ ಮಾತ್ರ. ಆ ತುದಿಗೆ ಒಂದು ಗುಣವಿತ್ತು. ವೈರಸ್ ಬಂದಿದೆ ಎಂಬ ಸುದ್ದಿ ಹೊತ್ತ ಪ್ರೋಟೀನುಗಳು ಬಂದು ಅದರ ಮೇಲೆ ಕೂರುತ್ತಿದ್ದವು. ಕೂತ ತಕ್ಷಣ ನಾನು ಪಕ್ಕದವಳನ್ನು ಅಲ್ಲಾಡಿಸಿ ಎಬ್ಬಿಸುತ್ತಿದ್ದೆ. ರೋಗ ಕಾಲೂರುವ ಮೊದಲೇ ಅವಳು ಕೆಲಸ ಶುರು ಮಾಡುತ್ತಿದ್ದಳು. ನನ್ನನ್ನು ಹೊತ್ತ ಹುಳುಗಳು ಬದುಕುತ್ತಿದ್ದವು. ಬಿಟ್ಟಿ ಕೂಳು ತಿನ್ನಲು ಬಂದವನಿಗೆ ಕಾವಲು ಕೆಲಸ ಗಂಟುಬಿತ್ತು. ನಿಜ ಹೇಳಬೇಕೆಂದರೆ, ಅದು ನನಗೆ ಹಿಡಿಸಿತು.

ಆಮೇಲೆ ಮನುಷ್ಯರು ಬಂದರು. ಚಿಟ್ಟೆಗಳು ಹಾರುವುದನ್ನು ಮರೆತವು. ಮೊಟ್ಟೆಗಳ ಒಳಗೆ ಕೂತು ನಾನು ಬುಟ್ಟಿಯಿಂದ ಬುಟ್ಟಿಗೆ, ಊರಿಂದ ಊರಿಗೆ ಹೋದೆ. ಎಲ್ಲ ಹುಳುಗಳಲ್ಲೂ ನಾನಿರಲಿಲ್ಲ. ನನ್ನನ್ನು ಹೊತ್ತ ಹುಳುಗಳು ಬಹುಪಾಲು ಗೂಡು ಕಟ್ಟಿ ಬಿಸಿನೀರಿನಲ್ಲಿ ಬೆಂದುಹೋದವು. ಕೊನೆಗೆ ನಾನು ಉಳಿದದ್ದು ಕುಣಿಗಲ್ ಕಡೆಯ ಒಂದೇ ಮನೆಯಲ್ಲಿ, ಬೈಲಮ್ಮನ ಹುಳುಮನೆಯಲ್ಲಿ.

ಬೈಲಮ್ಮ ಪೇಟೆಯಿಂದ ತಂದ ಮೊಟ್ಟೆಯ ಹುಳುಗಳನ್ನು ಸಾಕುತ್ತಿದ್ದಳು. ಜೊತೆಗೆ ತನ್ನ ಅತ್ತೆಯ ಕಾಲದಿಂದ ಬಂದ ಬಿತ್ತನೆ ಹುಳುಗಳನ್ನೂ ಒಂದು ತಟ್ಟೆಯಲ್ಲಿ ಬೇರೆಯಾಗಿ ಇಟ್ಟುಕೊಂಡಿದ್ದಳು. ನಾನಿದ್ದದ್ದು ಆ ತಟ್ಟೆಯಲ್ಲೇ. ಪ್ರತಿ ಬೆಳೆಯಲ್ಲೂ ಆ ತಟ್ಟೆಯ ಒಳ್ಳೆಯ ಗೂಡುಗಳನ್ನು ಆರಿಸಿ, ಚಿಟ್ಟೆ ಮಾಡಿಸಿ, ಮೊಟ್ಟೆ ಇಡಿಸುತ್ತಿದ್ದಳು. ಬೇರೆ ಹುಳುಗಳಿಗೆ ಸೊಪ್ಪು ಹಾಕುವಾಗ ಸುಮ್ಮನಿರುತ್ತಿದ್ದವಳು ನಮ್ಮ ತಟ್ಟೆಯ ಮುಂದೆ ಮಾತಾಡುತ್ತಿದ್ದಳು. ಹೆಚ್ಚಾಗಿ ಬೈಗುಳವೇ. ಆ ಬೈಗುಳದಲ್ಲಿ ನಾನು ಸುಖವಾಗಿದ್ದೆ.

ಈ ಬೆಳೆಯಲ್ಲಿ ಹಾಲು ತೊಂಡೆ ಬಂತು. ಅದು ವೈರಸ್ಸಿನ ರೋಗ. ಪೇಟೆಯ ಹುಳುಗಳು ಹಳದಿಗೆ ತಿರುಗಿ ಊದಿಕೊಂಡವು. ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಅಲೆದು, ಮೈ ಒಡೆದು ಹಾಲಿನಂಥ ನೀರು ಸುರಿಸಿ ಸತ್ತವು. ಆ ನೀರು ನಮ್ಮ ತಟ್ಟೆಯ ಸೊಪ್ಪಿಗೂ ತಗುಲಿತು. ನಾನು ಒಂದೊಂದು ಹುಳುವಿನ ಒಂದೊಂದು ಕೋಶದಲ್ಲೂ ಎದ್ದು ಅರಚಿದೆ. ಪಕ್ಕದವಳು ಎದ್ದಳು. ನಮ್ಮ ಹುಳುಗಳು ಏನೂ ಆಗಿಲ್ಲವೆಂಬಂತೆ ಸೊಪ್ಪು ತಿನ್ನುತ್ತಲೇ ಇದ್ದವು.

ಅದನ್ನು ಮೊದಲು ಕಂಡವಳು ಬೈಲಮ್ಮನ ಸೊಸೆ ಸವಿತ. ರೋಗ ಹರಡದಿರಲೆಂದು ಅತ್ತೆ ಆಗ ತಟ್ಟೆಗಳನ್ನೆಲ್ಲ ಸುಣ್ಣದ ಗುಂಡಿಗೆ ಸುರಿಯುತ್ತಿದ್ದಳು.

"ಅತ್ತೆಮ್ಮ, ಇದೊಂದು ತಟ್ಟೆ ಬುಟ್ಬುಡಾನ. ನೋಡಿ, ಎಂಗೆ ತಿಂತಾವೆ."

"ಇವತ್ತು ತಿಂತಾವೆ ಕಣವ್ವ, ಹಣ್ಣಾಗಿ ಗೂಡು ಕಟ್ಟೋ ಹೊತ್ಗೆ ಒಡ್ಕತಾವೆ. ಹೋದ್ಸಲ ಪೇಟೆ ಹುಳದ ತಟ್ಟೆ ಒಂದ್ನ ಹಿಂಗೇ ನಂಬಿ ಇಟ್ಕಂಡೆ. ಗೋಡೆ ಆಚೆ ಕೆಂಚಮ್ಮನ ಹುಳಕ್ಕೂ ಅಂಟ್ತು. ಈ ಸಲನೂ ಅವ್ಳ ಮನೆ ಕೆಡುಸ್ಲಾ?"

ಬೈಲಮ್ಮ ಹೇಳಿದ್ದು ಸುಳ್ಳಲ್ಲ. ಗಟ್ಟಿಯಾಗಿ ಕಾಣುವ ತಟ್ಟೆ ಕೊನೆಯಲ್ಲಿ ಕೈಕೊಡುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಈ ತಟ್ಟೆ ಹಾಗಲ್ಲ ಎಂದು ಅವಳಿಗೆ ಹೇಳುವವರು ಯಾರು? ನನಗೆ ಬಾಯಿಲ್ಲ. ಹುಳುವನ್ನು ಬದುಕಿಸಿಡುವುದೊಂದೇ ನನ್ನ ಮಾತು. ಆ ಮಾತನ್ನು ನನ್ನ ಕೈಲಾದಷ್ಟು ಜೋರಾಗಿ ಆಡಿದ್ದೆ. ಅವಳು ಕಣ್ಣೊರೆಸಿಕೊಂಡು ನಮ್ಮ ತಟ್ಟೆಯನ್ನೂ ಸುಣ್ಣದ ಗುಂಡಿಗೆ ಸುರಿದಳು.

ಸುಣ್ಣ ವೈರಸ್ಸಲ್ಲ. ಅದನ್ನು ತಡೆಯುವ ವಿದ್ಯೆ ನನಗೆ ಗೊತ್ತಿಲ್ಲ. ಸಾವಿರಾರು ಮೈಗಳಲ್ಲಿ ಒಟ್ಟಿಗೆ ಸುಟ್ಟುಹೋದೆ. ಎಷ್ಟು ಅರಚಿದರೂ ಪಕ್ಕದವಳಿಗೆ ಮಾಡುವ ಕೆಲಸವೇ ಇರಲಿಲ್ಲ.

ಒಂದು ಹುಳು ಮಾತ್ರ ಉಳಿದಿತ್ತು. ತಟ್ಟೆ ಎತ್ತಿಕೊಡುವಾಗ ಸವಿತ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಅದು ಗೂಡು ಕಟ್ಟುತ್ತದೋ ಇಲ್ಲವೋ ನೋಡಬೇಕೆಂಬುದಷ್ಟೇ ಅವಳ ಆಸೆ. ಅಡುಗೆಮನೆಯ ಅಟ್ಟದಲ್ಲಿ, ಹಳೆಯ ಮೊರದಲ್ಲಿ, ಅತ್ತೆಗೆ ಕಾಣದಂತೆ ಸೊಪ್ಪು ಹಾಕಿದಳು. ಹುಳು ಹಣ್ಣಾಯಿತು. ಒಡೆಯಲಿಲ್ಲ. ಹಸಿರು ಹಳದಿಯ ಗಟ್ಟಿ ಗೂಡು ಕಟ್ಟಿತು. ಅದನ್ನು ಕಂಡು ಸವಿತ ಬಾಯಿ ಮುಚ್ಚಿಕೊಂಡು ಅತ್ತಳು. ಆದರೂ ಅತ್ತೆಗೆ ಹೇಳಲಿಲ್ಲ.

ಗೂಡು ಒಡೆದು ಹೆಣ್ಣು ಚಿಟ್ಟೆ ಬಂತು. ಬಾಲದ ತುದಿಯಿಂದ ವಾಸನೆ ಬಿಟ್ಟು ಗಂಡನ್ನು ಕರೆಯಿತು. ರೆಕ್ಕೆ ಬಡಿಯುತ್ತಾ ಮೊರದಲ್ಲೇ ಸುತ್ತಿತು, ಮತ್ತೆ ಕರೆಯಿತು. ಗೋಡೆಯಾಚೆ ಕೆಂಚಮ್ಮನ ಬೆಳೆ ಚೆನ್ನಾಗಿ ಬಂದಿತ್ತು. ಅವಳ ಗೂಡುಗಳೆಲ್ಲ ಚಿಟ್ಟೆಯಾಗುವ ಮೊದಲೇ ಮಾರುಕಟ್ಟೆಗೆ ಹೋಗಿದ್ದವು. ಕರೆದು ಕರೆದು ಸೋತ ಚಿಟ್ಟೆ ಕೊನೆಗೆ ಸವಿತ ಹಾಸಿದ್ದ ಕಾಗದದ ಮೇಲೆ ಮೊಟ್ಟೆ ಇಟ್ಟು ಸತ್ತಿತು. ಮೊಟ್ಟೆ ನೀಲಿಗೆ ತಿರುಗಿದರೆ ಮರಿ ಏಳುತ್ತದೆ ಎಂದು ಸವಿತ ದಿನವೂ ಅಟ್ಟ ಹತ್ತಿ ನೋಡಿದಳು. ಅವು ಹಳದಿಯಾಗಿಯೇ ಉಳಿದವು.

ಇವತ್ತು ಬೈಲಮ್ಮನ ಕಣ್ಣಿಗೆ ಮೊರ ಬಿತ್ತು. ಖಾಲಿ ಗೂಡನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದು ನಮ್ಮ ತಟ್ಟೇದು."

ಸವಿತ ಮೊಟ್ಟೆಯ ಕಾಗದವನ್ನು ಅವಳ ಮುಂದೆ ಹಿಡಿದಳು.

"ಇವು ಗಂಡು ಸೇರ್ದೆ ಇಟ್ಟ ಮೊಟ್ಟೆ ಕಣವ್ವ. ಮರಿ ಏಳಾಕಿಲ್ಲ. ಕೆಂಚಮ್ಮನ ಮನೇಲಿ ಅಷ್ಟೊಂದು ಗೂಡಿತ್ತಲ್ಲ, ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ?"

"ನೀವು ಬೈತೀರಿ ಅಂತ…"

"ಬೈತಿದ್ದೆ. ಬೈದು, ಹೋಗಿ ಒಂದು ಗಂಡು ಗೂಡು ಇಸ್ಕಂಬತ್ತಿದ್ದೆ."

ಮೊಟ್ಟೆಗಳ ಮೈಮೇಲೆ ಗುಳಿ ಬೀಳುತ್ತಿದೆ. ಒಂದೊಂದರಲ್ಲೂ ನಾನು ಒಣಗುತ್ತಿದ್ದೇನೆ. ಒಬ್ಬಳು ನೆರೆಮನೆಗಾಗಿ ನನ್ನನ್ನು ಕೊಂದಳು, ಇನ್ನೊಬ್ಬಳು ಬೈಗುಳಕ್ಕೆ ಹೆದರಿ. ಇಬ್ಬರ ಮೇಲೂ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅತ್ತೆ ಸೊಸೆ ಆ ಕಾಗದದ ಎರಡು ಅಂಚು ಹಿಡಿದುಕೊಂಡು ನಿಂತಿದ್ದಾರೆ. ಅದನ್ನು ಎಸೆಯಲು ಇಬ್ಬರಿಗೂ ಕೈ ಬರುತ್ತಿಲ್ಲ.