ಸಂಜೆ ಆರು ನಲವತ್ತು

ಬೆಳಕು ಹರಿಯುವ ಮೊದಲೇ ಪ್ರಮೀಳಾ ಬಾಗಿಲಿಗೆ ನೀರು ಹಾಕಿ, ನಲ್ಲಿ ಬರುವ ದಿನವಾದರೆ ಸಂಪು ತುಂಬಿಸಿ, ಅತ್ತೆಯ ಸ್ನಾನಕ್ಕೆ ಹಂಡೆಗೆ ಉರಿ ಹಾಕಿ, ಕಾಯಿ ತುರಿದು, ಮೂರು ಡಬ್ಬಿ ಊಟ ಕಟ್ಟಿ ಮುಗಿಸಿರುತ್ತಿದ್ದಳು. ಯಾವ ಡಬ್ಬದ ಮುಚ್ಚಳ ತೆಗೆದರೂ ಕೈ ಹಾಕುವ ಮೊದಲು ಒಂದು ಕ್ಷಣ ನಿಲ್ಲುವಳು: ಎಷ್ಟಿದೆ, ಕೊನೆಗೆ ಮುಟ್ಟಿದ್ದು ಯಾವಾಗ?

"ಪೊಲೀಸ್ನೋರ ಥರ ನೋಡ್ತಾಳೆ ಕಣವ್ವ, ನಾನು ಬೆಲ್ಲ ತಿಂದಿದ್ದೂ ಗೊತ್ತಾಗೋಯ್ತದೆ" ಎಂದು ಅತ್ತೆ ಸಿದ್ದಲಕ್ಷ್ಮಮ್ಮ ಅದೇ ಬೀದಿಯ ನನ್ನೊಡನೆ ನಗುತ್ತಿದ್ದರು.

ಪ್ರಮೀಳಾ ಗುಬ್ಬಿಯ ಹುಡುಗಿ, ಸದಾಶಿವನಗರದ ಸೊಸೆ. 2004ರಲ್ಲಿ ನಮ್ಮ ಬೀದಿಯ ಕಂಪ್ಯೂಟರ್ ಸೆಂಟರಿನಲ್ಲಿ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ನಾನೂ ಇದ್ದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅರಿಸಿನ ಮೆತ್ತಿದ ಬೆರಳಲ್ಲೇ ಕೀಲಿ ಒತ್ತುತ್ತ ಹೇಳುವಳು: "ಫೈಲ್ ತೆಗೆದ ತಕ್ಷಣ ಓದೋಕೆ ಹೋಗ್ಬೇಡಿ. ಮೊದ್ಲು ಎಫ್‌ಸ್ಟ್ಯಾಟ್ ಅಂತ ಕೇಳಿ. ಎಷ್ಟು ದೊಡ್ಡದು, ಕೊನೇ ಸಲ ಯಾವಾಗ ಬರೆದ್ರು, ಎಲ್ಲಾ ಹೇಳುತ್ತೆ."

ಒಂದು ಬೆಳಿಗ್ಗೆ ಸೆಂಟರಿನ ಮಾಲೀಕ ನಾಗಭೂಷಣ್ ಫೋನಿನಲ್ಲಿ ಅವಳ ಮೇಲೆ ಕೂಗಾಡಿದ. ಮಕ್ಕಳ ಅಂಕಗಳಿದ್ದ ಫೈಲು ಖಾಲಿಯಾಗಿತ್ತು. "ಕುಕ್ಕರ್ ಕೂಗೋ ಟೈಮಾಯ್ತು ಅಂತ ಏನೋ ಒತ್ತಿ ಓಡ್ಹೋಗಿದೀರ. ಹನ್ನೊಂದಕ್ಕೆ ಬರ್ತೀನಿ, ನಾಳೆಯಿಂದ ನೀವು ಬರ್ಬೇಕೋ ಬೇಡ್ವೋ ಆಗ ಹೇಳ್ತೀನಿ."

ಆಮೇಲೆ ನಡೆದದ್ದನ್ನು ಅವಳೇ ನನಗೆ ಹೇಳಿದ್ದು. ಸೆಂಟರಿಗೆ ಹೋಗಿ, ಫೈಲನ್ನು ಓದುವುದಕ್ಕಷ್ಟೇ ತೆರೆದು ಎಫ್‌ಸ್ಟ್ಯಾಟ್ ಕೇಳಿದಳು. ಗಾತ್ರ ಸೊನ್ನೆ. ಕೊನೆಯ ಬದಲಾವಣೆ, ಹಿಂದಿನ ಸಂಜೆ ಆರು ನಲವತ್ತು. ಅವಳು ಮನೆಗೆ ಹೊರಟದ್ದು ಐದಕ್ಕೆ. ಆಮೇಲೆ ಅಲ್ಲಿ ಉಳಿದದ್ದು ನಾಗಭೂಷಣ ಒಬ್ಬನೇ. ಅಂಕ ನೋಡಲು ಕೂತವನು ಫೈಲನ್ನು ಓದುವ ಬದಲು ಬರೆಯುವ ಕ್ರಮದಲ್ಲಿ ತೆರೆದಿದ್ದ. ಹಾಗೆ ತೆರೆದ ಕ್ಷಣವೇ ಹಳೆಯದೆಲ್ಲ ಅಳಿಸಿಹೋಗುತ್ತದೆ.

ಅವಳ ಫ್ಲಾಪಿಯಲ್ಲಿ ಪ್ರತಿ ಇತ್ತು. ಅದನ್ನು ಅದೇ ಫೈಲಿಗೆ ತುಂಬಿಬಿಟ್ಟರೆ ಮಕ್ಕಳಿಗೆ ಅಂಕ ಸಿಗುತ್ತಿತ್ತು, ಗಲಾಟೆ ತಣ್ಣಗಾಗುತ್ತಿತ್ತು. ಆರು ನಲವತ್ತು ಮಾತ್ರ ಅಳಿದು, ಅಂದಿನ ಬೆಳಗಿನ ಒಂಬತ್ತೂವರೆ ಅಲ್ಲಿ ಕೂರುತ್ತಿತ್ತು.

ಯಾರೋ ಚೆಲ್ಲಿದ ಹಾಲನ್ನು ಯಾರೂ ಏಳುವ ಮುನ್ನ ಒರೆಸಿ, ತಪ್ಪನ್ನೂ ತಮ್ಮ ಮೇಲೇ ಹಾಕಿಕೊಂಡು ಒಲೆ ಹಚ್ಚುವ ಹೆಂಗಸರು ಎಲ್ಲ ಮನೆಗಳಲ್ಲೂ ಇದ್ದಾರೆ. ಅಷ್ಟು ಚೊಕ್ಕವಾಗಿ ಒರೆಸುವುದರಿಂದಲೇ ಅವರು ಒರೆಸಿದ ಗುರುತು ಎಲ್ಲೂ ಉಳಿಯುವುದಿಲ್ಲ. ಪ್ರಮೀಳೆಯೂ ಅದೇ ಸಾಲಿನವಳು; ಅಂದೂ ಸರಿಪಡಿಸಿದಳು. ಆದರೆ ಖಾಲಿ ಕೋಣೆಯಲ್ಲಿ ಒಬ್ಬಳೇ ಕೂತು ಯೋಚಿಸಿ, ಅಂಕಗಳನ್ನು ಬೇರೆ ಹೆಸರಿನ ಫೈಲಿಗೆ ಹಾಕಿ, ಬರಿದಾದ ಫೈಲನ್ನು ಮುಟ್ಟದೆ, ಆರು ನಲವತ್ತನ್ನು ಪರದೆಯ ಮೇಲೆ ಹಾಗೇ ಬಿಟ್ಟು, ಮಾಲೀಕನ ಕುರ್ಚಿಯನ್ನು ಅದರೆದುರಿಗೆ ಎಳೆದಿಟ್ಟಳು.