ಮಲ್ಲಣ್ಣನ ಫ್ಲಾಕ್ಸ್

ಉಪ್ಪಲ್‌ನ ಆ ಅಪಾರ್ಟ್‌ಮೆಂಟಿನ ಹೂವಿನ ಸ್ಪರ್ಧೆಯಲ್ಲಿ ಮೂರು ವರ್ಷದಿಂದ ಕಪ್ ಗೆಲ್ಲುತ್ತಿದ್ದವರು ಕೆಳಮನೆಯ ರಾಯಚೂರಿನ ಜನಾರ್ದನ. ಈ ಸಲ ಅದರ ಮೇಲೆ ತನ್ನ ಹೆಸರೇ ಇರಬೇಕೆಂದು ಶಾಂತಕುಮಾರ ಅಕ್ಟೋಬರಿನಲ್ಲೇ ಐದು ಕುಂಡಗಳಲ್ಲಿ ಫ್ಲಾಕ್ಸ್ ಎಂಬ ಚಳಿಗಾಲದ ಹೂವಿನ ಬೀಜ ಹಾಕಿದ. ಔಷಧಿ ಕಂಪನಿಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಕಳೆದವನು. ಗೊಬ್ಬರ ತೂಗಿ ಹಾಕಿದ, ನೀರು ಅಳೆದು ಹಾಕಿದ, ವಾರವಾರ ಗಿಡದ ಎತ್ತರ ಬರೆದಿಟ್ಟ. ಅಳತೆಗೆ ಸಿಗದವಳು ಅವ್ವ ಸಾವಿತ್ರಿಬಾಯಿ ಒಬ್ಬಳೇ.

ಬೀದರಿನಲ್ಲಿದ್ದಾಗ ಪೂಜೆಯ ಹೂವಿಗೆ ಓಣಿಯ ಕಂಪೌಂಡುಗಳೆಲ್ಲ ಆಕೆಯವೇ. ಇಲ್ಲಿ ಕೈಗೆ ಸಿಕ್ಕಿದ್ದು ಮಗನ ಕುಂಡಗಳು. ಜಗಳವಾಡಿ ದಣಿದು ಒಪ್ಪಂದಕ್ಕೆ ಬಂದರು: ನಾಲ್ಕು ಕುಂಡ ಮುಟ್ಟುವಂತಿಲ್ಲ, ಐದನೆಯದು ಮನೆದೇವರು ಮೈಲಾರ ಮಲ್ಲಣ್ಣನದು. ವಾಸನೆಯಿಲ್ಲದ ಹೂವು ದೇವರಿಗೆ ನಡೆಯುತ್ತದೆಯೇ ಎಂದು ಮಗ ಕೆಣಕಿದ. ಈ ಊರಿನ ಹೊಗೆಯಲ್ಲಿ ಮಲ್ಲಣ್ಣನಿಗೂ ನೆಗಡಿಯಾಗಿರುತ್ತದೆ ಎಂದಳು ಅವ್ವ. ಮೊಗ್ಗು ಬಿಡುವುದಕ್ಕೂ ಕಾಯದೆ ಎಲೆಸಮೇತ ಕುಡಿ ಚಿವುಟಿ ದೇವರಿಗೆ ಏರಿಸಿದಳು.

ಜನವರಿಯಲ್ಲಿ ಸ್ಪರ್ಧೆಯ ಭಾನುವಾರ ಬೆಳಿಗ್ಗೆ ಶಾಂತಕುಮಾರ ಬಾಲ್ಕನಿಯಲ್ಲಿ ನಿಂತು ನೋಡಿದ. ಮುಟ್ಟದೆ ಸಾಕಿದ ನಾಲ್ಕು ಗಿಡಗಳು ಉದ್ದಕ್ಕೆ ಬೆಳೆದು, ತುದಿಯಲ್ಲಿ ನಾಲ್ಕಾರು ಹೂವು ಹಿಡಿದು ಒಂದರ ಮೇಲೊಂದು ವಾಲಿದ್ದವು. ದೇವರ ಗಿಡ ಚಿವುಟಿದಲ್ಲೆಲ್ಲ ಎರಡೆರಡು ಕವಲೊಡೆದು, ಗುಲಾಬಿ, ಬಿಳಿ ಹೂಗಳಿಂದ ಕುಂಡವೇ ಕಾಣದಂತೆ ತುಂಬಿತ್ತು. ಕವಲು ಹೇಗೆ ಒಡೆಯುತ್ತದೆಂದು ಬಿಎಸ್ಸಿಯಲ್ಲಿ ಎರಡು ಪುಟ ಬರೆದು ಫಸ್ಟ್ ಕ್ಲಾಸ್ ತಂದವನು ಅವನೇ.

"ಅವ್ವ, ಇವತ್ತೊಂದಿನ ನಿನ್ನ ಕುಂಡ ಕೊಡು."

"ನಂದೆಲ್ಲೈತಪಾ? ಅವಂದು. ಒಯ್ಯಿ, ಇವತ್ತ ಹೂವಿಲ್ದ ಕೂತಿರ್ತಾನ. ಹೆಸರು ಮಾತ್ರ ಅವಂದ ಬರಿ."

ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ; ಫಾರಂನಲ್ಲಿ ಏನು ಬರೆದರೂ ಗೊತ್ತಾಗುತ್ತಿರಲಿಲ್ಲ. ಪೆನ್ನಿನಿಂದ ಅವನ ಹೆಸರಿನ ಮೊದಲ ಅಕ್ಷರವೂ ಇಳಿಯಿತು. ಆದರೆ ಇಪ್ಪತ್ತು ವರ್ಷದಲ್ಲಿ ಒಂದು ಬಾಟಲಿಗೂ ತಪ್ಪು ಚೀಟಿ ಅಂಟಿಸದ ಕೈ ಅದು. ಹೊಡೆದುಹಾಕಿ ಸರಿಯಾದದ್ದನ್ನು ಬರೆಯಿತು.

ಸಂಜೆ ಮೈಕಿನಲ್ಲಿ ತೆಲುಗಿನಲ್ಲಿ ಕೂಗಿದರು: ಮೊದಲ ಬಹುಮಾನ, ಫ್ಲಾಟ್ ಮುನ್ನೂರ ಎರಡರ ಮೈಲಾರ ಮಲ್ಲಣ್ಣ ಗಾರು. ಜನ ಆಚೀಚೆ ನೋಡಿದರು. ಅವ್ವ ಮಾತ್ರ ಕೂತಲ್ಲೇ ಕೈಮುಗಿದಳು.

ಜನಾರ್ದನ ಪಕ್ಕಕ್ಕೆ ಬಾಗಿದರು. "ನಿಮ್ಮ ಮನ್ಯಾಗ ಯಾರ್ರೀ ಈ ಮಲ್ಲಣ್ಣ? ಒಂದ ಮೀಟಿಂಗಿಗೂ ಬಂದಿಲ್ಲ."

"ಭಾಳ ವಯಸ್ಸಾಗೇತ್ರಿ, ಮನಿ ಬಿಟ್ಟು ಹೊರಗ ಬರಂಗಿಲ್ಲ," ಎಂದು ಶಾಂತಕುಮಾರ ಮಲ್ಲಣ್ಣನವರ ಪರವಾಗಿ ಕಪ್ ತರಲು ಎದ್ದ.