ಟವಲ್ಲಿನಡಿಯ ವ್ಯಾಪಾರ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬ ಗಾದೆಯನ್ನು ನಂಬಿದವಳು ನಾನು. ಹಾಗಾಗಿ ಸೊಸೆ ಸ್ವಾತಿಗೆ ಏಳು ತಿಂಗಳು ತುಂಬಿದರೂ ಒಂದು ತುಂಡು ಬಟ್ಟೆ ಕತ್ತರಿಸಿರಲಿಲ್ಲ. ಸೀಮಂತಕ್ಕೆ ದಿನ ನೋಡಿಸುವಷ್ಟರಲ್ಲಿ ಅವಳ ಬಿ.ಪಿ. ಏರಿತು. ಮಗ ಶಶಿಕಿರಣ್ ಜಾವಗಲ್‌ನಿಂದ ಅರಸೀಕೆರೆಗೆ ಕಾರು ಓಡಿಸಿದ. ಅದೇ ಸಂಜೆ ನನ್ನ ಮೊಮ್ಮಗಳು ಎರಡು ತಿಂಗಳು ಮುಂಚಿತವಾಗಿ ಹುಟ್ಟಿಯೇಬಿಟ್ಟಳು, ಕುಲಾವಿಗೂ ಮುಂಚೆ.

"ಎರಡು ಸುಲಿದ ಕಾಯಿ ತೂಕ ಅವ್ಳೆ ಕಣೇ," ಎಂದರು ನನ್ನ ಯಜಮಾನರು. ದೇವೀರಪ್ಪನವರು ಕೊಬ್ಬರಿ ವ್ಯಾಪಾರಿ. ಅವರಿಗೆ ಲೋಕವೆಲ್ಲ ತೆಂಗಿನಕಾಯಿಯ ಲೆಕ್ಕದಲ್ಲೇ ಕಾಣುತ್ತದೆ. ಆ ಹೊತ್ತಿನಲ್ಲೂ ಕಾಯಿಯ ಮಾತು ಆಡಿದರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಆಮೇಲೆ ನೋಡಿದರೆ ಅವರು ಅಂಗಿಯ ಮೇಲಿನಿಂದಲೇ ಕೊರಳ ಲಿಂಗವನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ಮಗುವನ್ನು ಮೊದಲು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ನಾನು ರಾತ್ರೋರಾತ್ರಿ ಹೊಲಿದ ಕುಲಾವಿ ತಲೆಯಿಂದ ಜಾರಿ ಕುತ್ತಿಗೆಗೆ ಇಳಿಯಿತು. ಎರಡು ವಾರದ ಮೇಲೆ ಮಗು ತಾನೇ ಚೆನ್ನಾಗಿ ಉಸಿರಾಡತೊಡಗಿದಾಗ ಡಾಕ್ಟರು, ಇನ್ನು ಪೆಟ್ಟಿಗೆಯ ಬಿಸಿಗಿಂತ ಎದೆಯ ಬಿಸಿ ಒಳ್ಳೆಯದು ಎಂದರು. ಆದರೆ ಸ್ವಾತಿ ಮಹಡಿಯ ವಾರ್ಡಿನಲ್ಲಿ ಜ್ವರದಿಂದ ಮಲಗಿದ್ದಳು. ಶಶಿ ಅವಳ ಮಗ್ಗುಲು ಬಿಟ್ಟು ಏಳುವ ಹಾಗಿರಲಿಲ್ಲ.

ಆಗ ಬಂದವಳು ಮೀನಾಕ್ಷಿ. ಗೆಂಡೆಹಳ್ಳಿಯ ಹುಡುಗಿ, ನರ್ಸಿಂಗ್ ಓದಿ, ಈಗ ಆ ಆಸ್ಪತ್ರೆಯಲ್ಲಿ ಸಂಶೋಧನೆಯ ಕೆಲಸ ಮಾಡುವವಳು. ನಾನು ನಮ್ಮ ಕಡೆಯ ಪದ್ಧತಿಯಂತೆ ಮೊದಲು ಕೇಳಬೇಕಾದ್ದನ್ನೇ ಕೇಳಿದೆ: "ನೀನು ಯಾರ ಪೈಕಿ ಕಣಮ್ಮ?"

"ನಾನಾ? ನಿಮ್ಮ ಮೊಮ್ಮಗಳ ಪೈಕಿ," ಎಂದಳು. ಮತ್ತೆ ಆ ಪ್ರಶ್ನೆಯನ್ನು ಅವಳಿಗೆ ಕೇಳಲಿಲ್ಲ, ಕೇಳಬೇಕು ಅನ್ನಿಸಲೂ ಇಲ್ಲ.

ಅವಳು ಬಿಡಿಸಿ ಹೇಳಿದಳು: "ತಿಂಗಳು ತುಂಬದ ಮಗುನ ಬಟ್ಟೆ ಇಲ್ಲದ ಎದೆ ಮೇಲೆ ಮಲಗಿಸಿಕೊಂಡರೆ ಮೈ ಬೆಚ್ಚಗಿರತ್ತೆ, ತೂಕ ಬರತ್ತೆ. ತಾಯಿ ಎದೆ ಆದರೆ ಹೀಗಾಗತ್ತೆ ಅಂತ ಎಲ್ಲರಿಗೂ ಗೊತ್ತು. ತಾಯಿಗೆ ಹುಷಾರಿಲ್ಲದಾಗ ಮನೆಯವರು ಬೇರೆ ಯಾರಾದರೂ ಹಾಗೆ ಮಲಗಿಸಿಕೊಂಡರೆ ಅಷ್ಟೇ ಚೆನ್ನಾಗಿ ಬೆಳೆಯತ್ತಾ ಅಂತ ನಾವು ನೋಡ್ತಾ ಇದ್ದೀವಿ. ನಿಮ್ಮ ಮನೇಲಿ ಯಾರು ಬರ್ತೀರ?"

ಇದು ಕೇಳುವ ಮಾತೇ? ನಾನು ಆಗಲೇ ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದೆ. ನಾಲ್ಕು ಹೆತ್ತು, ನಾಲ್ಕನ್ನೂ ಈ ಎದೆಯ ಮೇಲೆ ಬೆಳೆಸಿದವಳು. "ನಾನೇ ಕಣಮ್ಮ, ಇನ್ಯಾರು—" ಎನ್ನುವಷ್ಟರಲ್ಲಿ ಕೆಮ್ಮು ಬಂತು. ಬಂದ ಕೆಮ್ಮು ನಿಲ್ಲಲಿಲ್ಲ.

ಕಾಯಿ ಸುಲಿಯುವ ಕೊಟ್ಟಿಗೆಯ ಧೂಳು ಕುಡಿದು ಕುಡಿದು ಬಂದ ಹಳೆಯ ಕೆಮ್ಮು ಅದು. ಎಕ್ಸ್‌ರೇ ತೆಗೆಸಿದರು, ದೊಡ್ಡ ಕಾಯಿಲೆ ಏನೂ ಇಲ್ಲ ಎಂದರು. ಆದರೂ ಮೀನಾಕ್ಷಿ ಒಪ್ಪಲಿಲ್ಲ. "ಕೆಮ್ಮು ನಿಲ್ಲೋವರೆಗೆ ಬೇಡ ಅಮ್ಮ. ಇಷ್ಟು ಪುಟ್ಟ ಮಗುಗೆ ನಮ್ಮ ಸಣ್ಣ ಶೀತವೂ ದೊಡ್ಡದು." ಹಾಗೆಂದು ನನ್ನ ಹಿಂದೆ ನಿಂತಿದ್ದ ಯಜಮಾನರನ್ನು ನೋಡಿ, "ಅಯ್ಯ, ನೀವು?" ಎಂದಳು.

ನನಗೆ ನಗು ಬಂತು. ಆ ಮನುಷ್ಯ ತನ್ನ ಮಕ್ಕಳನ್ನೇ ಎತ್ತಿದವರಲ್ಲ! ಹಿರಿಯರ ಮುಂದೆ ಗಂಡಸು ತನ್ನ ಮಗುವನ್ನು ಎತ್ತಿಕೊಂಡರೆ ನಗೆಪಾಟಲು ಎನ್ನುವ ಕಾಲ ಅದು. ಮಾವನವರು ಹೋದ ಮೇಲಾದರೂ ಎತ್ತಬಹುದಿತ್ತು, ಅಷ್ಟರಲ್ಲಿ ಮಕ್ಕಳೇ ಮೀಸೆ ಬಿಟ್ಟಿದ್ದರು.

"ನಾನಾ?" ಎಂದು ಅವರು ಸುತ್ತ ನೋಡಿದರು. "ಎಂಗೆ ಕೂರ್ಬೇಕು ಹೇಳವ್ವ, ಕೂತ್ಕತೀನಿ."

ಅಂಗಿ ಬಿಚ್ಚಿದರು. ತೆಂಗಿನ ನಾರಿನಂಥ ಬಿಳಿಗೂದಲ ಎದೆ. ಅದರ ನಟ್ಟನಡುವೆ ಶಿವದಾರದಲ್ಲಿ ನೇತಾಡುವ ಬೆಳ್ಳಿಯ ಕರಡಿಗೆ, ಒಳಗೆ ಅವರ ಇಷ್ಟಲಿಂಗ.

"ಅದನ್ನ ಸ್ವಲ್ಪ ತೆಗೆದಿಡಿ ಅಯ್ಯ, ಮಗುಗೆ ಒತ್ತತ್ತೆ."

"ಪ್ರಾಣ ತೆಗೆದಿಡು ಅನ್ನು, ಇಡ್ತೀನಿ. ಲಿಂಗ ಮೈ ಬಿಟ್ಟು ಕೆಳಗಿಳಿಯಾಕಿಲ್ಲ ಕಣವ್ವ."

ಮಗುವನ್ನು ಹಿಡಿದು ಮೀನಾಕ್ಷಿ ನಿಂತೇ ಇದ್ದಳು, ಅವರು ಕೂತೇ ಇದ್ದರು. ಮಗು ಬಟ್ಟೆಯೊಳಗೆ ಬೆಕ್ಕಿನ ಮರಿಯಂತೆ ಕುಂಯ್ ಎಂದಿತು. ಇಬ್ಬರೂ ಜಗ್ಗುವವರಲ್ಲ. ನಾನು ಸುಮ್ಮನಿದ್ದಿದ್ದರೆ ಅವರ ಸರದಿ ಅಲ್ಲೇ ತಪ್ಪುತ್ತಿತ್ತು. ಒಂದು ಗಳಿಗೆ ಸುಮ್ಮನೆ ಇದ್ದೆ ಕೂಡ, ಹೊಟ್ಟೆಕಿಚ್ಚು ಅಂಥದ್ದು. ಆದರೆ ಕುಂಯ್ ಎನ್ನುತ್ತಿರುವುದು ನಮ್ಮ ರಕ್ತ.

"ತೋಳಿಗೆ ಕಟ್ಕಳಿ," ಎಂದೆ. "ನಮ್ಮಜ್ಜ ಬಾವಿ ತೋಡೋವಾಗ ತೋಳಿಗೆ ಕಟ್ಕತಿದ್ರು. ಮೈ ಮೇಲಿದ್ರೆ ಸಾಕು, ಎದೇನೇ ಆಗ್ಬೇಕು ಅಂತ ಶಿವ ಹಟ ಹಿಡಿದಿಲ್ಲ."

ಯಜಮಾನರು ನನ್ನನ್ನು ಮೆಚ್ಚಿ ನೋಡಿದ್ದು ಮದುವೆಯಾದ ಮೇಲೆ ಅದು ಎಷ್ಟನೆಯ ಸಲವೋ, ಬೆರಳಲ್ಲೇ ಎಣಿಸಬಹುದು. ಕರಡಿಗೆ ಬಲತೋಳಿಗೆ ಏರಿತು. ಮೊಮ್ಮಗಳು ಎದೆಗೆ ಇಳಿದಳು. ಮೇಲೆ ಅವರದೇ ಬಿಳಿ ಟವಲ್ಲು ಹೊದಿಸಿದರು. ಆ ಮನುಷ್ಯ ಉಸಿರು ಬಿಡಲೂ ಹೆದರಿಕೊಂಡು ಕೂತಿದ್ದರು. ನಾನು ನಾಲ್ಕು ಮಾರು ದೂರದ ಬೆಂಚಿನ ಮೇಲೆ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಪರದೇಶಿಯ ಹಾಗೆ ಕೂತಿದ್ದೆ.

ಅಂದಿನಿಂದ ಅವರೇ ಬೇರೆಯಾದರು. ಹಿಂದೆ ಅವರು ಫೋನಿನಲ್ಲಿ "ಏನ್ಲಾ!" ಎಂದರೆ ಹಳೇಬೀಡಿನ ಕೆರೆಯ ಹಕ್ಕಿಯೂ ಏಳಬೇಕು, ಅಂಥ ಗಂಟಲು. ಈಗ ಪಿಸುಮಾತು. ಮಗುವಿನ ತೂಕ ಒಂದು ದಿನ ಏರದೆ ನಿಂತಾಗ ನಾನು ಗೋಳಾಡಿದೆ. ಅವರು ಮೆಲ್ಲಗೆ, "ಅಟ್ಟದ ಮೇಲೆ ಹಾಕಿದ ಕಾಯಿನ ದಿನಾ ಅಲ್ಲಾಡ್ಸಿ ನೋಡೋನಿಗೆ ಕೊಬ್ಬರಿ ಸಿಕ್ಕಾಕಿಲ್ಲ ಕಣೇ. ಸುಮ್ನಿರು," ಎಂದರು. ಮೂರನೆಯ ದಿನಕ್ಕೆ ತೂಕ ಏರಿತು. ಆಮೇಲೆ ಏರುತ್ತಲೇ ಹೋಯಿತು. ಮೀನಾಕ್ಷಿ ಮುಖ ಅರಳಿಸಿಕೊಂಡು ಬಂದು ಹೇಳುವಾಗಲೆಲ್ಲ, ಇವರು ಕೊಬ್ಬರಿಗೆ ಒಳ್ಳೆ ಧಾರಣೆ ಬಂದವರ ಹಾಗೆ ಮೀಸೆ ತಿರುವುತ್ತಿದ್ದರು.

ನನಗೆ ಸಂತೋಷವಾಗಲಿಲ್ಲವೇ? ಆಯಿತು. ಕಣ್ಣೀರು ಬರುವಷ್ಟು ಆಯಿತು. ಆದರೆ ಒಳಗೊಂದು ಮುಳ್ಳು. ಈ ಮಗುವಿಗೆ ಅಜ್ಜನ ಎದೆಬಡಿತ ಗೊತ್ತು, ಮೀನಾಕ್ಷಿಯ ಕೈ ಗೊತ್ತು. ನಾನು ಯಾರು? ದೂರದ ಬೆಂಚಿನ ಕೆಮ್ಮು.

ಒಂದು ಮಧ್ಯಾಹ್ನ ಕಲ್ಲುಸಕ್ಕರೆ, ಮೆಣಸು ಎರಡನ್ನೂ ದವಡೆಯಲ್ಲಿ ಒತ್ತಿಟ್ಟುಕೊಂಡು, "ಕೆಮ್ಮು ಹೋಯ್ತು ಕಣಮ್ಮ," ಎಂದು ಮೀನಾಕ್ಷಿಯ ಮುಂದೆ ನಿಂತೆ. ಅವಳು, "ಹೌದಾ? ಹಾಗಾದರೆ ಒಂದು ಪದ ಹೇಳಿ ಕೇಳೋಣ," ಎಂದಳು. ಸೋಬಾನೆಯ ಎರಡನೆಯ ಸಾಲಿಗೆ ಮೆಣಸು ಗಂಟಲಿಗೆ ಜಾರಿತು. ಇಡೀ ವಾರ್ಡು ಎದ್ದು ಕೂತಿತು. ಅವಳೇ ನೀರು ಕುಡಿಸಿ, ಬೆನ್ನು ನೀವಿ, "ಕೊಟ್ಟಿಗೆ ಕಡೆ ಹೋಗಬೇಡಿ, ಔಷಧಿ ಬಿಡಬೇಡಿ. ನಿಮ್ಮ ಸರದಿ ಎಲ್ಲೂ ಹೋಗಲ್ಲ," ಎಂದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ಅನುಕೂಲವನ್ನೂ ಅವಳು ಕೊಡಲಿಲ್ಲ.

ಆ ವಾರ ದಲ್ಲಾಳಿ ಕೆಂಚಯ್ಯ ಯಜಮಾನರನ್ನು ನೋಡಲು ಆಸ್ಪತ್ರೆಗೇ ಬಂದ. ಮಾರುಕಟ್ಟೆಯಲ್ಲಿ ಈಗ ಎಲ್ಲ ಕಂಪ್ಯೂಟರು. ಆದರೆ ಮನೆಬಾಗಿಲ ವ್ಯಾಪಾರಕ್ಕೆ ಹಳಬರು ಇನ್ನೂ ಟವಲ್ಲು ಬಿಟ್ಟಿಲ್ಲ. ಧಾರಣೆಯನ್ನು ಬಾಯಲ್ಲಿ ಆಡುವುದಿಲ್ಲ. ಟವಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತಿ ಕೇಳುತ್ತಾರೆ, ಒತ್ತಿ ಹೇಳುತ್ತಾರೆ. ಗಟ್ಟಿಯಾಗಿ ಹಿಡಿದರೆ ವ್ಯಾಪಾರ ಕುದುರಿದಂತೆ. ಆಮೇಲೆ ಮಾತು ತಪ್ಪುವಂತಿಲ್ಲ, ಹಿಡಿದದ್ದು ಎಷ್ಟಕ್ಕೆ ಎಂದು ಮೂರನೆಯವರಿಗೆ ಹೇಳುವಂತೆಯೂ ಇಲ್ಲ.

ಕೆಂಚಯ್ಯ ಬಾಗಿಲಲ್ಲೇ ನಿಂತು, ಯಜಮಾನರ ಎದೆಯ ಮೇಲಿನ ಟವಲ್ಲು ಅಲ್ಲಾಡುವುದನ್ನು ನೋಡಿ, "ಯಾರ ಜೊತೆ ಗೌಡ್ರೆ ವ್ಯಾಪಾರ?" ಎಂದ.

ಅದೇ ಹೊತ್ತಿಗೆ ಯಜಮಾನರ ಮುಖ ಹೇಗೋ ಆಯಿತು. ಕಣ್ಣು ತುಂಬಿಬಂತು. "ಬೆರಳು ಹಿಡ್ಕಂಡವ್ಳೆ ಕಣ್ಲಾ," ಎಂದರು, "ಬಿಡ್ತಾನೇ ಇಲ್ಲ."

ನಾನು ಬೆಂಚಿನಿಂದಲೇ ಕತ್ತು ಚಾಚಿ, "ಹೆಂಗಿದೆ ರೀ? ಗಟ್ಟಿಯಾಗಿ ಹಿಡಿದವ್ಳಾ? ಹೇಳ್ರೀ," ಎಂದು ಕೇಳಿದೆ.

ಅವರು ಮೀಸೆಯಡಿ ನಕ್ಕರು. "ಟವಲ್ಲಿನ ಕೆಳಗಿನ ರೇಟು ಮೂರನೆಯವರಿಗೆ ಹೇಳಂಗಿಲ್ಲ ಕಣೇ."

ಮೂರನೆಯವರು! ಆ ದಿನ ನಾನು ಅವರಿಗೆ ಊಟದ ಡಬ್ಬಿ ಕೊಟ್ಟೆ, ಮಾತು ಕೊಡಲಿಲ್ಲ.

ಮುಂದೆ ಸ್ವಾತಿಯ ಜ್ವರ ಇಳಿಯಿತು. ಶಶಿ ಅವಳನ್ನು ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಇಳಿಸಿಕೊಂಡು ಬಂದ. ಯಜಮಾನರು ಮಗುವನ್ನು ತಾಯಿಯ ಎದೆಗೆ ದಾಟಿಸಿ, "ನಿನ್ನ ಸ್ವತ್ತು ಜೋಪಾನ ಮಾಡಿದೀನಿ, ತಗ ತಾಯಿ," ಎಂದರು. ಅವಳು ಮಗುವಿನ ನೆತ್ತಿ ಮೂಸಿ ಅತ್ತಳು, ನಕ್ಕಳು. ನಾವೆಲ್ಲ ನಕ್ಕೆವು. ಸ್ವಾತಿಯ ಮುಖಕ್ಕೆ ಎಳೆಬಿಸಿಲು ಬಿದ್ದ ಹಾಗೆ ಕಳೆ ಬಂತು.

ಮನೆಗೆ ಹೊರಡುವ ದಿನ ಮೀನಾಕ್ಷಿ ನನ್ನ ಮುಂದೆ ಕೂತು ಊರು ಕೇರಿಯೆಲ್ಲ ಮಾತಾಡಿಸಿದಳು. ಹಲ್ಮಿಡಿಯಲ್ಲಿರುವ ನನ್ನ ತಂಗಿಯ ಕಥೆ ಹೇಳಿಸಿದಳು, ಸೋಬಾನೆ ಪೂರ್ತಿ ಹಾಡಿಸಿದಳು. ಕೆಮ್ಮು ಬರಲಿಲ್ಲ. ಬಂದಿದ್ದು ಭಯ.

"ಬನ್ನಿ," ಎಂದಳು.

ಪರದೆಯ ಹಿಂದೆ ಕೂತೆ. ಮಗುವನ್ನು ಎದೆಗೆ ಇಟ್ಟರು, ಯಜಮಾನರ ಟವಲ್ಲನ್ನೇ ಹೊದಿಸಿದರು. ಒಂದು ಗಳಿಗೆ ಸುಮ್ಮನಿದ್ದ ಮಗು ತಲೆ ಹೊರಳಿಸಿತು, ಮುಖ ಕಿವುಚಿತು, ರಾಗ ತೆಗೆಯಿತು. ಪರದೆಯಾಚೆಯಿಂದ ಅವರು, "ಇತ್ಲಾಗೆ ಕೊಡ್ರವ್ವ, ನನಗಾದ್ರೆ—" ಎಂದರು. "ನೀವು ಸುಮ್ಮನಿರಿ ಅಯ್ಯ," ಎಂದಳು ಮೀನಾಕ್ಷಿ. ನಾಲ್ಕು ಹೆತ್ತವಳಿಗೆ ಒಂದು ಮಗುವನ್ನು ಹೇಗೆ ಸುಮ್ಮನಿರಿಸಬೇಕೆಂಬುದೇ ಮರೆತುಹೋಯಿತು. ಲಾಲಿಯ ಒಂದು ಸಾಲೂ ನೆನಪಾಗಲಿಲ್ಲ. ನನ್ನ ಎದೆ ಮಾತ್ರ ದಡದಡ ಬಡಿಯುತ್ತಿತ್ತು. ನಾನು ಕಣೇ ಕೂಸೆ, ಬೆಂಚಿನ ಮೇಲೆ ಕೂತು ಕಾದವಳು, ಎಂದುಕೊಂಡೆ. ಟವಲ್ಲಿನೊಳಗೆ ಕೈ ಹಾಕಿ ಅವಳ ಅಂಗೈಯನ್ನು ತೋರುಬೆರಳಿನಿಂದ ಸವರಿದೆ.

ಅಳು ನಿಂತಿತು. ಐದು ಬೆರಳು, ಒಂದೊಂದೂ ಅಕ್ಕಿಕಾಳಿನಷ್ಟು ಉಗುರಿನವು, ನನ್ನ ಬೆರಳನ್ನು ಸುತ್ತಿ ಹಿಡಿದವು. ಎಳೆದುಕೊಳ್ಳಲು ಹೋದರೆ ಬಿಡದಷ್ಟು ಗಟ್ಟಿ. ಸ್ವಲ್ಪ ಹೊತ್ತಿಗೆ ಉಸಿರು ನಿಧಾನವಾಗಿ, ಬೆಚ್ಚಗೆ, ನನ್ನ ಕತ್ತಿನ ಬುಡದಲ್ಲಿ ಆಡತೊಡಗಿತು. ಕಣ್ಣೊರೆಸಿಕೊಳ್ಳಲು ಕೈ ಬೇಕಿತ್ತು, ಆದರೆ ಆ ಕೈಯನ್ನು ಯಾರು ಬಿಡಿಸಿಕೊಳ್ಳುತ್ತಾರೆ?

ಪರದೆಯಾಚೆ ಯಜಮಾನರಿಗೆ ತಡೆಯಲಾಗಲಿಲ್ಲ. "ಏನಾಯ್ತೇ? ಹಿಡ್ಕಂಡ್ಳಾ? ಹೇಳೇ."

"ಟವಲ್ಲಿನ ಕೆಳಗಿನ ರೇಟು," ಎಂದೆ, "ಮೂರನೆಯವರಿಗೆ ಹೇಳಂಗಿಲ್ಲ ಕಣ್ರೀ."